ಯಾರು ಹೇಳಿದ್ದು, ಯಾರಿಗೆ ಹೇಳಿದ್ದು

ಸತ್ಯವೇದದ ವಾಕ್ಯಗಳನ್ನು ಬಾಯಿಪಾಠ ಮಾಡಿಸುವುದರಲ್ಲಿ ನಮ್ಮ ಸಭೆಗಳು ಎಂದೂ ಹಿಂದೆ ಬಿದ್ದವಲ್ಲ. ಬೆಟಗೇರಿಯ ಸಂಡೆ ಸ್ಕೂಲಿನಲ್ಲಿ ವಾರಕ್ಕೊಂದು ಕಂಠವಾಕ್ಯ ಒಪ್ಪಿಸಲೇಬೇಕಿತ್ತು. ಹೆಚ್ಚು ವಾಕ್ಯ ಹೇಳಿದವರಿಗೆ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಎಲ್ಲರೆದುರು ಬಹುಮಾನ. ಹಾಗಾಗಿ ನಾವೆಲ್ಲ ಶನಿವಾರ ರಾತ್ರಿಯೇ ಉರು ಹೊಡೆದು, ಭಾನುವಾರ ಬೆಳಿಗ್ಗೆ ಒಂದೇ ಉಸಿರಿನಲ್ಲಿ ಒದರಿಬಿಡುತ್ತಿದ್ದೆವು. ಉಪದೇಶಿ ಅಜ್ಜಾರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಕಣ್ಣು ತೆರೆದು, "ಛಲೋ ಹೇಳಿದಿ ತಂಗಿ. ಈಗ ಹೇಳು, ಇದನ್ನ ಯಾರು ಹೇಳ್ಯಾರ? ಯಾರಿಗೆ ಹೇಳ್ಯಾರ?" ಎನ್ನುತ್ತಿದ್ದರು. ಅಲ್ಲಿಗೆ ನಮ್ಮ ಬಾಯಿ ಕಟ್ಟುತ್ತಿತ್ತು.

ಉಪದೇಶಿ ಅಂದರೆ ಸಭಾಪಾಲಕರಲ್ಲ. ದೀಕ್ಷಾಸ್ನಾನ ಕೊಡುವ, ಕರ್ತನ ಭೋಜನ ನಡೆಸುವ ಅಧಿಕಾರ ಅವರಿಗಿರುವುದಿಲ್ಲ. ಹಳ್ಳಿಹಳ್ಳಿ ತಿರುಗಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಓದು ಕಲಿಸುವುದು, ಜಡ್ಡಾದವರ ಮನೆಗೆ ಹೋಗಿ ಕೂರುವುದು ಅವರ ಕೆಲಸ. ನಮ್ಮ ಅಜ್ಜಾರಿಗೆ ಸಂಬಳ ಬಲು ಕಡಿಮೆ. ಆದರೆ ಓದಿನಲ್ಲಿ ಅವರಷ್ಟು ಶ್ರದ್ಧೆಯ ಮನುಷ್ಯನನ್ನು ನಾನು ಟೀಚರ್ಸ್ ಟ್ರೇನಿಂಗ್‌ನಲ್ಲೂ ಕಾಣಲಿಲ್ಲ. ಅವರ ಸತ್ಯವೇದದ ಅಂಚುಗಳ ತುಂಬ ಪೆನ್ಸಿಲ್ ಗುರುತು. ಪ್ರತಿ ಪತ್ರಿಕೆ, ಪ್ರತಿ ಪ್ರವಾದಿಯ ಗ್ರಂಥ ಶುರುವಾಗುವಲ್ಲಿ ಎರಡೇ ಸಾಲು ಬರೆದಿಟ್ಟುಕೊಂಡಿದ್ದರು: ಬರೆದವರು ಎಲ್ಲಿದ್ದರು, ಕೇಳಿದವರ ಗತಿ ಏನಿತ್ತು.

ಬೆಟಗೇರಿ, ಹುಬ್ಬಳ್ಳಿ, ಧಾರವಾಡದ ನಮ್ಮಂಥ ಮನೆತನಗಳ ನಂಬಿಕೆಯ ಬೇರು ಬಾಸೆಲ್ ಮಿಷನ್ನಿನದು. ಆ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು, ಮುಂದಿನ ಕೆಲವೇ ವರ್ಷಗಳಲ್ಲಿ ಘಟ್ಟ ಹತ್ತಿ ನಮ್ಮ ಕಡೆಗೂ ಬಂದರು. ಊರಿನವರು ಇವತ್ತಿಗೂ ಜರ್ಮನ್ ದವಾಖಾನೆ ಅನ್ನುವ ಮಿಷನ್ ಆಸ್ಪತ್ರೆ ನಮ್ಮೂರಲ್ಲಿದೆ. 1947ರಲ್ಲಿ ದಕ್ಷಿಣ ಭಾರತ ಸಭೆ ಆಯಿತು, ಮುಂದೆ ನಾವೂ ಸಿಎಸ್‌ಐ ಎನಿಸಿಕೊಂಡೆವು. ಆದರೆ ಕನ್ನಡಕ್ಕೆ ಇಡೀ ಸತ್ಯವೇದ ಮೊದಲು ಬಂದದ್ದು ಬಾಸೆಲ್‌ನವರಿಂದಲ್ಲ, ಬಳ್ಳಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ವರ್ಷಗಟ್ಟಲೆ ಕೂತು ಮಾಡಿದ ಕೆಲಸ 1831ರ ಹೊತ್ತಿಗೆ ಪೂರ್ತಿಯಾಯಿತು. ಅಜ್ಜಾರು ಇದನ್ನು ಹೇಳುವಾಗ, "ಇಪ್ಪತ್ತು ವರ್ಷ ಅವ್ರು ಬರದಾರ, ನಾವು ಇಪ್ಪತ್ತು ನಿಮಿಷ ಕುಂತು ಓದಬಾರದೇನು?" ಎನ್ನುತ್ತಿದ್ದರು.

ಅವರು ಹೇಳಿದ ಇನ್ನೊಂದು ಸಂಗತಿ ನನ್ನ ಓದಿನ ದಾರಿಯನ್ನೇ ಬದಲಿಸಿತು. ಸತ್ಯವೇದ ಬರೆದವರು ಅಧ್ಯಾಯ, ವಚನ ಅಂತ ಅಂಕಿ ಹಾಕಿ ಬರೆದವರಲ್ಲ. ಅಧ್ಯಾಯಗಳ ಈಗಿನ ವಿಂಗಡಣೆ 13ನೇ ಶತಮಾನದ್ದು, ಸ್ಟೀಫನ್ ಲ್ಯಾಂಗ್ಟನ್ ಎಂಬ ಬಿಷಪ್ಪರ ಹೆಸರಿನಲ್ಲಿರುವುದು. ಹೊಸ ಒಡಂಬಡಿಕೆಗೆ ನಾವೀಗ ಬಳಸುವ ವಚನ ಸಂಖ್ಯೆಗಳನ್ನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ ಸೇರಿಸಿದ್ದು 1551ರಲ್ಲಿ. ಹುಡುಕಲು ಅನುಕೂಲವಾಗಲಿ ಅಂತ ಹಾಕಿದ ಅಂಕಿಗಳು ಅವು. ಪೌಲ ಬರೆದದ್ದು ಪತ್ರ. ಪತ್ರವನ್ನು ಯಾರೂ ನಡುವಿನ ಒಂದು ಸಾಲು ಓದಿ ಮಡಚಿಡುವುದಿಲ್ಲ. ಮನೆಯಿಂದ ಬಂದ ಕಾಗದವಾದರೆ "ಕ್ಷೇಮ"ದಿಂದ ಹಿಡಿದು ಕೊನೆಯ ಸಹಿಯವರೆಗೆ ಓದುತ್ತೇವೆ. ಸತ್ಯವೇದಕ್ಕೆ ಮಾತ್ರ ಆ ಮರ್ಯಾದೆ ಯಾಕೆ ಕೊಡುವುದಿಲ್ಲ ಎಂಬುದು ಅಜ್ಜಾರ ಸಂಕಟವಾಗಿತ್ತು. ಅದು ಈಗ ನನ್ನ ಸಂಕಟವೂ ಆಗಿದೆ.

ಆದರೆ ಅಜ್ಜಾರು ಕಲಿಸಿದ್ದು ಅರ್ಧ ಪಾಠ. ಉಳಿದರ್ಧವನ್ನು ಕಲಿಸಿದವನು ಅಪ್ಪ. ಅದೂ ಬಾಯಿಂದ ಅಲ್ಲ.

ಅಪ್ಪ ನೇಕಾರ. ಮಗ್ಗ ನಮ್ಮದು, ನೂಲು ಸಾವಕಾರನದು. ನೇಯ್ದು ಕೊಟ್ಟ ಸೀರೆಯ ಲೆಕ್ಕದ ಮೇಲೆ ಶನಿವಾರ ಬಟವಡೆ. ಬಟವಡೆ ಆದರೆ ಜೋಳ, ಎಣ್ಣೆ, ಒಂದಿಷ್ಟು ಬೆಲ್ಲ. ಆಗದಿದ್ದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ದಿನಾ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಅಪ್ಪ ಒಂದೊಂದೇ ಅಧ್ಯಾಯವನ್ನು ಸಾಲಾಗಿ ಓದುತ್ತಿದ್ದ, ಯಾವುದನ್ನೂ ಬಿಡುತ್ತಿರಲಿಲ್ಲ. ವಂಶಾವಳಿಗಳ ಹೆಸರುಗಳನ್ನೂ ತಡವರಿಸುತ್ತ ಓದುತ್ತಿದ್ದ, ನಮಗೆ ತೂಕಡಿಕೆ. ಯಾಜಕಕಾಂಡ ಬಂತೆಂದರೆ ಅವ್ವನಿಗೂ ತೂಕಡಿಕೆ. ಬಲಿ, ಕುಷ್ಠ, ಮೈಲಿಗೆ, ಯಾವ ಪ್ರಾಣಿ ತಿನ್ನಬಹುದು, ಯಾವುದು ಬಾರದು. ಎಷ್ಟೋ ಮನೆಗಳಲ್ಲಿ ಈ ಪುಸ್ತಕವನ್ನು ಹಾರಿಸಿಯೇ ಮುಂದೆ ಹೋಗುತ್ತಾರೆ.

ಒಂದು ಶನಿವಾರ ಸಾವಕಾರ ಬಟವಡೆ ಮಾಡಲಿಲ್ಲ. ಪೇಟೆ ಬಿದ್ದಿದೆ, ಮುಂದಿನ ವಾರ ಬಾ ಎಂದು ಕಳಿಸಿದ. ಆ ರಾತ್ರಿ ಸರತಿಯಂತೆ ಬಂದದ್ದು ಯಾಜಕಕಾಂಡ 19. ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಡವರಿಗೂ ಪರದೇಶಿಗೂ ಬಿಡಬೇಕು. ಕಿವುಡನನ್ನು ಶಪಿಸಬಾರದು, ಕುರುಡನ ದಾರಿಯಲ್ಲಿ ಎಡವುವಂಥದ್ದನ್ನು ಇಡಬಾರದು. ತಕ್ಕಡಿ, ಅಳತೆ ಸರಿಯಿರಬೇಕು. ನಡುವೆ ಒಂದು ಕಡೆ, ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳಬಾರದು ಎಂಬ ಅರ್ಥದ ಮಾತು. ಅಪ್ಪ ಅದನ್ನು ಓದಿ ನಿಲ್ಲಿಸಿದ. ಅವ್ವ ತಲೆ ಎತ್ತಿ ನೋಡಿದಳು. ಈಗ ಅಪ್ಪ ಸಾವಕಾರನಿಗೆ ಶಾಪ ಹಾಕುತ್ತಾನೆ ಎಂದು ನಾನು ಕಾದೆ. ಅಪ್ಪ ಅಧ್ಯಾಯವನ್ನು ಕೊನೆಯವರೆಗೆ ಓದಿ, ಪ್ರಾರ್ಥನೆ ಮಾಡಿ, ಸತ್ಯವೇದವನ್ನು ಗೂಡಿನಲ್ಲಿಟ್ಟು ಅವ್ವನಿಗೆ ಹೇಳಿದ: "ಕಂಡಿಕೆ ಸುತ್ತೋ ಆಯಿದು ಈ ವಾರದ್ದು ಕೊಟ್ಟಿಲ್ಲಲ್ಲ?"

ಓಣಿಯ ಕೊನೆಯಲ್ಲಿದ್ದ ಒಬ್ಬ ವಿಧವೆ ಮುದುಕಿ ನಮ್ಮ ಮಗ್ಗಕ್ಕೆ ಕಂಡಿಕೆ ಸುತ್ತಿಕೊಡುತ್ತಿದ್ದಳು. ನಮಗೆ ಬಟವಡೆ ಆದಮೇಲೆ ಅವಳಿಗೆ ಕೊಡುವುದು ರೂಢಿ. ಅವ್ವ, "ನಮಗ ಬಂದಿಲ್ಲಲ್ರೀ, ಬಂದ ಮ್ಯಾಲ ಕೊಟ್ರಾತು" ಅಂದಳು. ಅಪ್ಪ, "ಆಕಿ ಕೆಲಸ ಮಾಡಿದ್ದು ನಮಗ. ಸಾವಕಾರಗಲ್ಲ" ಅಂದ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಸಿವೆ ಡಬ್ಬಿಯ ತಳದಲ್ಲಿದ್ದ ಚಿಲ್ಲರೆಯನ್ನು ಮಡಿಲಿಗೆ ಸುರಿದುಕೊಂಡು ಎಣಿಸಿದಳು. ನಾಣ್ಯಗಳಿಗೆ ಸಾಸಿವೆ ಅಂಟಿಕೊಂಡಿತ್ತು, ಒಂದೊಂದನ್ನೂ ಸೆರಗಿನಿಂದ ಒರೆಸಿದಳು. ಕಂದೀಲು ಹಿಡಿದುಕೊಂಡು ಅಪ್ಪನ ಹಿಂದೆ ನಾನೂ ಹೋದೆ. ಮುದುಕಿ ಬಾಗಿಲು ತೆಗೆದು, "ಇಷ್ಟ್ ರಾತ್ರ್ಯಾಗ ಯಾಕ್ ಬಂದ್ರೋ ಯಪ್ಪಾ, ಬೆಳಿಗ್ಗೆ ಕೊಟ್ಟಿದ್ರ ಆಗ್ತಿದ್ದಿಲ್ಲೇನು" ಅಂದಳು. ಅಪ್ಪ ನಕ್ಕು ಕೈಗೆ ದುಡ್ಡು ಹಾಕಿ ಬಂದ. ಬೆಳಗಾದರೆ ಯಾಕೆ ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ವಾಕ್ಯ ಓದಿದಾಗ ಅದು ಯಾರ ಕಡೆ ಬೆರಳು ತೋರಿಸುತ್ತದೆ ಎಂಬುದನ್ನು ನಾನು ಕಲಿತದ್ದು ಆ ರಾತ್ರಿ. ಸಾವಕಾರನಿಗೆ ಹೇಳಿದ ಮಾತೆಂದು ಓದಲು ಅಪ್ಪನಿಗೆ ಎಲ್ಲ ಹಕ್ಕೂ ಇತ್ತು. ಅದು ನಿಜಕ್ಕೂ ಸಾವಕಾರನಿಗೂ ಹೇಳಿದ ಮಾತೇ. ಹೊಸ ಒಡಂಬಡಿಕೆಯಲ್ಲಿ ಯಾಕೋಬನು ತನ್ನ ಪತ್ರಿಕೆಯ ಐದನೇ ಅಧ್ಯಾಯದಲ್ಲಿ, ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಐಶ್ವರ್ಯವಂತರನ್ನು ನೇರವಾಗಿ ಎಚ್ಚರಿಸುತ್ತಾನೆ. ಕೂಲಿ ಕೊಡದವನ ಅನ್ಯಾಯವನ್ನು ಸತ್ಯವೇದ ಎಲ್ಲಿಯೂ ಮುಚ್ಚಿಡುವುದಿಲ್ಲ, ನಾವೂ ಮುಚ್ಚಿಡಬಾರದು. ಆದರೆ ಆ ವಾಕ್ಯ ಅಪ್ಪನ ಮನೆಯೊಳಗೆ ಬಂದಾಗ ಅಪ್ಪನ ಕೈಯಲ್ಲೂ ಒಬ್ಬರ ಕೂಲಿ ಇತ್ತು. ಮುಂದೆ ನಾವು ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿದಾಗ, ಗೌಂಡಿಗಳ ಒಂದು ವಾರದ ಪಗಾರ ಹಿಂದಿಟ್ಟುಕೊಳ್ಳಿ, ಇಲ್ಲದಿದ್ದರೆ ಓಡಿಹೋಗುತ್ತಾರೆ ಎಂದು ತಿಳಿದವರು ಹೇಳಿದರು. ಹೊತ್ತು ಮುಳುಗುವ ಮುಂಚೆ ಎಲ್ಲರ ಲೆಕ್ಕ ಚುಕ್ತಾ ಮಾಡಿದೆವು. ಯಾರೂ ಓಡಿಹೋಗಲಿಲ್ಲ.

ಇನ್ನು ವಾಗ್ದಾನದ ಕಾರ್ಡಿನ ವಿಷಯ. ನಮ್ಮ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಇರುತ್ತದೆ. ಹಳೆಯ ವರ್ಷಕ್ಕೆ ಸ್ತೋತ್ರ ಹೇಳಿ, ಗಂಟೆ ಹನ್ನೆರಡಾದ ಮೇಲೆ ಎಲ್ಲರೂ ಸಾಲಾಗಿ ಹೋಗಿ ತಟ್ಟೆಯಿಂದ ಒಂದೊಂದು ಕಾರ್ಡು ತೆಗೆದುಕೊಳ್ಳುತ್ತಾರೆ. ಅದರಲ್ಲೊಂದು ವಾಕ್ಯ ಇರುತ್ತದೆ. ಅದು ಆ ವರ್ಷಕ್ಕೆ ದೇವರು ನನಗೆ ಕೊಟ್ಟ ಮಾತು ಎಂಬ ನಂಬಿಕೆ. ಊರಲ್ಲಿಲ್ಲದ ಮಕ್ಕಳ ಹೆಸರಿನಲ್ಲಿ ತಾಯಂದಿರು ತೆಗೆಯುವುದೂ ಉಂಟು. ದಿನಕ್ಕೊಂದು ವಾಕ್ಯ ಆರಿಸಿ ಓದುವ ಪದ್ಧತಿ ಪ್ರಾಟೆಸ್ಟಂಟರಲ್ಲಿ ಹಳೆಯದು. ಜರ್ಮನಿಯ ಹೆರ್ನ್‌ಹೂಟ್‌ನ ಮೊರಾವಿಯನ್ನರು 1731ರಿಂದ ಇಂದಿನವರೆಗೂ ಪ್ರತಿ ವರ್ಷ ಇಂಥ ವಾಕ್ಯಗಳ ಪುಸ್ತಕ ತರುತ್ತಿದ್ದಾರೆ. ಈ ಪದ್ಧತಿಯ ಮೇಲೆ ನನಗೆ ಗೌರವವಿದೆ. ಕಷ್ಟದ ವರ್ಷದಲ್ಲಿ ಗೋಡೆಗೆ ಅಂಟಿಸಿದ ಒಂದು ಸಾಲು ಮನುಷ್ಯನನ್ನು ಹಿಡಿದು ನಿಲ್ಲಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

1980ರ ದಶಕದಲ್ಲಿ ನನಗೆ ಶಿಕ್ಷಕಿಯ ಕೆಲಸ ಸಿಕ್ಕಿತು. ಹಾಕಿದ್ದು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ. ಬಸ್ಸು ಇಳಿದು ನಡೆಯಬೇಕು. ಇದ್ದದ್ದು ಮಣ್ಣಿನ ಮಾಳಿಗೆಯ ಬಾಡಿಗೆ ಮನೆ. ಬೇಸಿಗೆಯಲ್ಲಿ ಬೋರಿನ ಮುಂದೆ ನಸುಕಿನಿಂದಲೇ ಕೊಡಗಳ ಸಾಲು. ಊರಲ್ಲಿ ದೇವಾಲಯ ಇರಲಿಲ್ಲ, ನಮ್ಮವರು ಅಂತ ಒಂದು ಮನೆಯೂ ಇರಲಿಲ್ಲ. ಹೋದ ದಿನದಿಂದ ವರ್ಗಾವಣೆಯದೇ ಧ್ಯಾನ. ಅರ್ಜಿ ಮೇಲೆ ಅರ್ಜಿ ಬರೆಯುತ್ತಿದ್ದೆ, ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿರಲೂ ಇಲ್ಲ. ಹೊಸ ವರ್ಷಕ್ಕೆ ಅವ್ವನ ಇನ್‌ಲ್ಯಾಂಡ್ ಪತ್ರ ಬಂತು, ತಮ್ಮನ ಕೈಲಿ ಬರೆಸಿದ್ದಳು. ನನ್ನ ಹೆಸರಿನಲ್ಲಿ ಕಾರ್ಡು ತೆಗೆದಿದ್ದಾಳೆ, ಯೆರೆಮೀಯ 29ನೇ ಅಧ್ಯಾಯ 11ನೇ ವಚನ ಬಂದಿದೆ, ದೇವರ ಆಲೋಚನೆ ನಿನ್ನ ಹಿತಕ್ಕೇ ಇದೆ, ನಿನಗೆ ಒಳ್ಳೆಯ ಗತಿ ಕಾಣಿಸುತ್ತಾನೆ, ಈ ವರ್ಷ ಟ್ರಾನ್ಸ್‌ಫರ್ ಆಗೇ ಆಗುತ್ತದೆ ಎಂದು. ಕ್ರೈಸ್ತರ ಮನೆಗಳಲ್ಲಿ ಅತಿ ಹೆಚ್ಚು ತೂಗುಹಾಕುವ ವಾಕ್ಯಗಳಲ್ಲಿ ಅದೂ ಒಂದು. ಸಂತೋಷದಿಂದ ಉಪದೇಶಿ ಅಜ್ಜಾರಿಗೂ ಬರೆದೆ. ಅವರ ಉತ್ತರ ಒಂದು ಪೋಸ್ಟ್ ಕಾರ್ಡು. "ತಂಗಿ, 29ನ್ನು ಮೊದಲನೇ ವಚನದಿಂದ ಓದು. ಅದಕ್ಕೂ ಮೊದಲು 28ನ್ನು ಓದು. ಆಮೇಲೆ ನನಗೆ ಬರಿ." ಅಷ್ಟೇ.

ಓದಿದೆ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ರಾಜಮಾತೆಯನ್ನೂ ಅಧಿಕಾರಿಗಳನ್ನೂ ಕಮ್ಮಾರರನ್ನೂ ಕುಶಲಕರ್ಮಿಗಳನ್ನೂ ಸೆರೆಹಿಡಿದು ಒಯ್ದಿದ್ದಾನೆ. ಊರು ಇನ್ನೂ ನಿಂತಿದೆ, ಆದರೆ ಒಳ್ಳೆಯ ಕೆಲಸಗಾರರೆಲ್ಲ ಪರದೇಶದಲ್ಲಿದ್ದಾರೆ. ಆಗ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎದ್ದು ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಎಂದು ಸಾರುತ್ತಾನೆ. ಯೆರೆಮೀಯ ಗುರುತಿಗಾಗಿ ತನ್ನ ಕತ್ತಿಗೆ ಹಾಕಿಕೊಂಡಿದ್ದ ನೊಗವನ್ನು ಹನನ್ಯ ಜನರೆದುರಿಗೇ ಮುರಿಯುತ್ತಾನೆ. ಯಾರಿಗೆ ತಾನೆ ಅಂಥ ಮಾತು ಬೇಡ? ಯೆರೆಮೀಯನಿಗೂ ಬೇಕಿತ್ತು. ಕರ್ತನು ಹಾಗೆಯೇ ಮಾಡಲಿ ಎಂದು ಅವನೂ ಮೊದಲು ಆಮೆನ್ ಅನ್ನುತ್ತಾನೆ. ಆದರೆ ದೇವರು ಅವನ ಬಾಯಲ್ಲಿಟ್ಟ ಮಾತು ಬೇರೆ.

ಆಮೇಲೆ ಬರುವುದು 29, ಸೆರೆಯಲ್ಲಿರುವವರಿಗೆ ಯೆರೆಮೀಯ ಕಳಿಸಿದ ಪತ್ರ. ಮನೆಗಳನ್ನು ಕಟ್ಟಿ ವಾಸಮಾಡಿ. ತೋಟ ಮಾಡಿ, ಫಲ ತಿನ್ನಿ. ಮದುವೆಯಾಗಿ, ಮಕ್ಕಳನ್ನು ಪಡೆಯಿರಿ, ಅವರಿಗೂ ಮದುವೆ ಮಾಡಿ. ನಾನು ನಿಮ್ಮನ್ನು ಕಳಿಸಿದ ಆ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ. ಬೇಗ ಬಿಡುಗಡೆ ಎನ್ನುವ ಪ್ರವಾದಿಗಳ ಮಾತು ಕೇಳಬೇಡಿ. ಎಪ್ಪತ್ತು ವರ್ಷವಾಗುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ ಬರುತ್ತದೆ ಅವ್ವ ಕಳಿಸಿದ ಆ ವಾಗ್ದಾನ.

ನಾನು ಬಾಗಿಲ ಹೊಸ್ತಿಲಲ್ಲಿ ಕೂತು ಓದುತ್ತಿದ್ದೆ. ಓದಿ ಮುಗಿಸಿ ಬಹಳ ಹೊತ್ತು ಅಲ್ಲೇ ಇದ್ದೆ. ಎಪ್ಪತ್ತು ವರ್ಷ ಅಂದರೆ ಆ ಪತ್ರವನ್ನು ಮೊದಲು ಕೇಳಿದ ದೊಡ್ಡವರಲ್ಲಿ ಬಹುಪಾಲು ಜನ ಬಾಬೆಲಿನಲ್ಲೇ ಮಣ್ಣಾಗುತ್ತಾರೆ. ಪಾರಸಿಯ ಅರಸ ಕೋರೆಷ ಬಾಬೆಲನ್ನು ಗೆದ್ದದ್ದು ಕ್ರಿಸ್ತಪೂರ್ವ 539ರಲ್ಲಿ, ಯೆಹೂದ್ಯರು ಊರಿಗೆ ಮರಳಲು ಶುರುವಾದದ್ದು ಆಮೇಲೆ. ಹಾಗಾದರೆ ಒಳ್ಳೆಯ ಗತಿ ಎಂಬ ಆ ಮಾತಿನಲ್ಲಿ ಅವರ ಪಾಲಿಗೆ ಬಂದದ್ದೇನು? ಅವರಿಗೆ ಬಂದದ್ದು ಮನೆ ಕಟ್ಟುವ ಕೆಲಸ, ತೋಟ, ಮಕ್ಕಳು, ತಮ್ಮನ್ನು ಸೆರೆ ಒಯ್ದ ಊರಿಗಾಗಿ ಮಾಡುವ ಪ್ರಾರ್ಥನೆ. ವಾಗ್ದಾನ ಸುಳ್ಳಲ್ಲ. ಆದರೆ ಅದು ಕೈಗೆ ಬರುವ ದಾರಿ ಈ ಕೆಲಸಗಳ ಮೂಲಕವೇ ಹಾದುಹೋಗುತ್ತದೆ. ಹನ್ನೊಂದನೇ ವಚನವನ್ನು ಮಾತ್ರ ಕತ್ತರಿಸಿಕೊಂಡರೆ ನಮಗೆ ಸಿಗುವುದು ಹನನ್ಯನ ಪ್ರಸಂಗ, ಯೆರೆಮೀಯನದಲ್ಲ.

ಪೆಟ್ಟಿಗೆ ಬಿಚ್ಚಿದೆ. ಸೀರೆಗಳನ್ನು ಗಳದ ಮೇಲೆ ಹಾಕಿದೆ. ಮನೆಯೊಡತಿ ಅಜ್ಜಿಯನ್ನು ಕೇಳಿ ಹಿತ್ತಲಲ್ಲಿ ಒಂದು ನುಗ್ಗೆ ಟೊಂಗೆ ನೆಟ್ಟೆ. "ಅಕ್ಕಾರು ನುಗ್ಗಿ ಹಚ್ಯಾರಂದ್ರ ಇಲ್ಲೇ ಇರ್ತಾರ" ಎಂದು ಅಜ್ಜಿ ಓಣಿಗೆಲ್ಲ ಹೇಳಿಕೊಂಡು ಬಂದಳು. ಆವರೆಗೆ ನಾನು ಹೋಗುವವಳು ಎಂದೇ ಊರು ಎಣಿಸಿತ್ತಂತೆ.

ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸುವುದು ಹೇಗೆ? ಸುಮ್ಮನೆ, ದೇವರೇ ಈ ಊರನ್ನು ಆಶೀರ್ವದಿಸು ಅಂದರೆ ಅದು ನನಗೇ ತಟ್ಟುತ್ತಿರಲಿಲ್ಲ. ಹಾಜರಿ ಪುಸ್ತಕ ಇಟ್ಟುಕೊಂಡು ಪ್ರಾರ್ಥಿಸಲು ಶುರುಮಾಡಿದೆ. ಒಂದೊಂದು ಹೆಸರು, ಅದರ ಮುಂದೆ ಗೈರುಹಾಜರಿಯ ಗುರುತು. ಹೀಗೆ ಮಾಡಿದಾಗ ಒಂದು ವಿಷಯ ಎದ್ದು ಕಂಡಿತು. ಹೆಣ್ಣುಮಕ್ಕಳ ಹೆಸರಿನ ಮುಂದೆಯೇ ಗುರುತು ಜಾಸ್ತಿ, ಅದರಲ್ಲೂ ಹತ್ತಿ ಬಿಡಿಸುವ ಕಾಲದಲ್ಲಿ. ಹೋಗಿ ವಿಚಾರಿಸಿದರೆ ತಾಯಿ ಹೊಲಕ್ಕೆ, ಮಗಳ ಸೊಂಟದ ಮೇಲೆ ಕೂಸು. "ಕೂಸನ್ನೂ ಕರಕೊಂಡು ಬಾ" ಅಂದೆ. ಮೊದಲು ಒಬ್ಬಳು ಬಂದಳು, ಅವಳನ್ನು ನೋಡಿ ಉಳಿದವರು. ಶಾಲೆಯ ಹಿಂದಿನ ಗೋಡೆಗೆ ಗೋಣಿಚೀಲ ಹಾಸಿದೆವು. ಅಕ್ಕಂದಿರು ಮಗ್ಗಿ ಹೇಳುವಾಗ ಕೂಸುಗಳು ಅಲ್ಲೇ ಮಲಗುತ್ತಿದ್ದವು, ಅಳುತ್ತಿದ್ದವು, ಒಮ್ಮೊಮ್ಮೆ ಇಡೀ ತರಗತಿ ನಿಲ್ಲುತ್ತಿತ್ತು. ಇಲಾಖೆಯ ತಪಾಸಣೆಗೆ ಬಂದವರು ಇದೇನು ಎಂದು ಕೇಳಿದರು. ಹಾಜರಿ ಪುಸ್ತಕ ತೋರಿಸಿದೆ. ಅವರು ಮುಂದೆ ಏನೂ ಹೇಳಲಿಲ್ಲ. ಅಂಥ ಹುಡುಗಿಯರಲ್ಲಿ ಒಬ್ಬಳು ಮುಂದೆ ತಾನೇ ಅಂಗನವಾಡಿ ಕಾರ್ಯಕರ್ತೆಯಾದಳು.

ನನ್ನ ನಂಬಿಕೆ ಯಾವುದೆಂದು ಆ ಊರಿಗೆ ಗೊತ್ತಿತ್ತು. ಯಾರೂ ಅದಕ್ಕಾಗಿ ನನ್ನನ್ನು ದೂರ ಇಡಲಿಲ್ಲ, ನಾನೂ ಯಾರಿಗೂ ವಾಕ್ಯ ಹಿಡಿದು ತೋರಿಸಲಿಲ್ಲ. ಮೊಹರಂ ಆ ಕಡೆ ದೊಡ್ಡ ಹಬ್ಬ, ಚೋಂಗೆ ತಂದುಕೊಡುತ್ತಿದ್ದರು. ಕ್ರಿಸ್ಮಸ್‌ಗೆ ನಾನು ಮಾಡಿದ ಕರ್ಜಿಕಾಯಿ ಅವರ ಮನೆಗಳಿಗೆ ಹೋಗುತ್ತಿತ್ತು. ಕೆಲವು ವರ್ಷಗಳಾದ ಮೇಲೆ ಮದುವೆಯ ಕಾರಣಕ್ಕೆ ವರ್ಗಾವಣೆ ಸಿಕ್ಕಿ ಹುಬ್ಬಳ್ಳಿಗೆ ಬಂದೆ. ಆ ಹೊತ್ತಿಗೆ ನುಗ್ಗೆಕಾಯಿ ಇಡೀ ಓಣಿಗೆ ಆಗುತ್ತಿತ್ತು.

ಯೆರೆಮೀಯನ ಗ್ರಂಥದಲ್ಲಿ ಇನ್ನೂ ಮೂರು ಅಧ್ಯಾಯ ಮುಂದೆ ಹೋದರೆ ನನಗೆ ಬಹಳ ಹಿಡಿಸಿದ ಘಟನೆಯೊಂದಿದೆ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಯೆರೆಮೀಯ ಕಾವಲಿನಲ್ಲಿದ್ದಾನೆ. ಊರು ಬೀಳುತ್ತದೆಂದು ಹೇಳಿದವನೇ ಅವನು. ಆ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಬಂದು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ಯೆರೆಮೀಯ ಹದಿನೇಳು ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿ ಹಾಕಿಸಿ, ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿಟ್ಟು ಕಾಪಾಡು ಎಂದು ತನ್ನ ಲೇಖಕ ಬಾರೂಕನಿಗೆ ಒಪ್ಪಿಸುತ್ತಾನೆ. ಈ ನಾಡಿನಲ್ಲಿ ಮತ್ತೆ ಮನೆ ಹೊಲ ತೋಟಗಳ ವ್ಯವಹಾರ ನಡೆಯುತ್ತದೆ ಎಂಬುದಕ್ಕೆ ಅದು ಗುರುತು. ನಂಬಿಕೆ ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಅಧ್ಯಾಯ ತೆಗೆದುಕೊಡುತ್ತೇನೆ.

ಒಂದು ವಾಕ್ಯವನ್ನು ಅದರ ಜಾಗದಿಂದ ಕಿತ್ತರೆ ಏನಾಗುತ್ತದೆ ಎಂಬುದರ ಅತಿ ನೋವಿನ ನಿದರ್ಶನ ಮಾತ್ರ ಯೋಬನ ಗ್ರಂಥದಲ್ಲಿದೆ. ಹುಬ್ಬಳ್ಳಿಗೆ ಬಂದಮೇಲಿನ ಮಾತು. ಪರಿಚಯದ ಒಂದು ಮನೆಯ ಬೆಳೆದ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಸಭೆಯ ಹೆಂಗಸರ ಜತೆ ಹೋದೆ. ತಾಯಿ ಗೋಡೆಗೆ ಒರಗಿ ಕೂತಿದ್ದಳು. ಆಕೆಯ ತಲೆಯ ಮೇಲೆ, ಮನೆಯ ಪ್ರತಿಷ್ಠೆಗೆ ಯಾರೋ ಉಡುಗೊರೆ ಕೊಟ್ಟ ವಾಕ್ಯದ ಫಲಕ. ನಿನ್ನ ಮೊದಲ ಸ್ಥಿತಿ ಅಲ್ಪವಾಗಿದ್ದರೂ ಕೊನೆಯ ಸ್ಥಿತಿ ದೊಡ್ಡದಾಗುತ್ತದೆ ಎಂಬ ಅರ್ಥದ್ದು, ಯೋಬ 8ನೇ ಅಧ್ಯಾಯದ 7ನೇ ವಚನ. ಹೊಸ ಮನೆಗೆ, ಹೊಸ ಅಂಗಡಿಗೆ ಇದನ್ನು ಕೊಡುವುದು ನಮ್ಮಲ್ಲಿ ವಾಡಿಕೆ. ಬಂದವರಲ್ಲಿ ಒಬ್ಬರು, ದೇವರು ಕಾರಣವಿಲ್ಲದೆ ಏನೂ ಮಾಡುವುದಿಲ್ಲ, ಮನೆಯಲ್ಲಿ ಏನಾದರೂ ಅಡ್ಡಿಯಿದ್ದರೆ ಅರಿಕೆ ಮಾಡಿಕೊಳ್ಳಿ ಎಂದರು. ತಾಯಿ ನನ್ನ ಕಡೆ ತಿರುಗಿ, "ಟೀಚರ್, ನಾವು ಅಂಥಾದ್ದೇನ್ ಪಾಪ ಮಾಡಿದ್ವಿ?" ಎಂದು ಕೇಳಿದಳು.

ನನಗೆ ಎದೆ ಉರಿದುಹೋಯಿತು. ಯಾಕೆಂದರೆ ಆ ಫಲಕದ ವಾಕ್ಯ ದೇವರ ಮಾತಲ್ಲ. ಅದು ಯೋಬನನ್ನು ಸಂತೈಸಲು ಬಂದ ಬಿಲ್ದದನ ಮಾತು. ಹತ್ತು ಮಕ್ಕಳನ್ನು ಕಳೆದುಕೊಂಡು ಬೂದಿಯಲ್ಲಿ ಕೂತ ತಂದೆಗೆ, ನಿನ್ನ ಮಕ್ಕಳು ಮಾಡಿದ ಪಾಪಕ್ಕೆ ದೇವರು ಅವರನ್ನು ಒಪ್ಪಿಸಿಬಿಟ್ಟ ಎಂದು ಹೇಳಿ, ನೀನು ಶುದ್ಧನಾಗಿದ್ದರೆ ನಿನ್ನ ಕೊನೆ ದೊಡ್ಡದಾದೀತು ಎಂದು ಸೇರಿಸಿದವನು ಬಿಲ್ದದ. ಗ್ರಂಥದ ಕೊನೆಯಲ್ಲಿ, 42ನೇ ಅಧ್ಯಾಯದಲ್ಲಿ, ದೇವರು ಆ ಸ್ನೇಹಿತರ ಮೇಲೆ ಕೋಪಗೊಂಡು, ನೀವು ನನ್ನ ವಿಷಯವಾಗಿ ಸರಿಯಾಗಿ ಮಾತಾಡಲಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಾನೆ. ಪೂರ್ತಿ ಓದಿದವರು ಆ ತಾಯಿಗೆ ಆ ಮಾತು ಹೇಳುತ್ತಿರಲಿಲ್ಲ. ನಾನು ಆಕೆಯ ಪಕ್ಕ ಕೂತು, "ಇಲ್ಲವಾ, ನೀವು ಮಾಡಿದ ಪಾಪಕ್ಕ ಆದದ್ದಲ್ಲ ಇದು. ಹಂಗಂದವರ ಮ್ಯಾಲ ದೇವರು ಸಿಟ್ಟಾಗ್ಯಾನ, ಅದೂ ಸತ್ಯವೇದದಾಗೇ ಐತಿ" ಅಂದೆ. ಹುಟ್ಟುಕುರುಡನನ್ನು ನೋಡಿ ಇವನ ಪಾಪವೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದದ್ದು ಯೋಹಾನ 9ರಲ್ಲಿದೆ. ಅದನ್ನು ಓದಿ ಹೇಳಿದೆ. ಬೇರೇನೂ ಹೇಳಲಿಲ್ಲ. ನಮ್ಮ ಜತೆ ಬಂದ ಒಬ್ಬ ಹಿರಿಯ ಹೆಂಗಸು ಅಷ್ಟರಲ್ಲಿ ಅಡುಗೆಮನೆ ಹೊಕ್ಕು ಗಂಜಿ ಕಾಸಿ ತಂದು ಆಕೆಗೆ ಗುಟುಕು ಗುಟುಕಾಗಿ ಕುಡಿಸಿದರು.

ಯೋಬನ ಸ್ನೇಹಿತರೂ ಮೊದಲು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಅವನ ಸಂಕಟ ಬಹಳವೆಂದು ಕಂಡು ಏಳು ದಿನ ಏಳು ರಾತ್ರಿ ಅವನ ಜತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ.

ವಾಕ್ಯ ಗೊತ್ತಿದ್ದರೆ ಸಾಲದು ಎಂಬುದಕ್ಕೆ ಮತ್ತಾಯ 4ಕ್ಕಿಂತ ಬೇರೆ ಸಾಕ್ಷಿ ಬೇಡ. ದೇವಾಲಯದ ಶಿಖರದ ಮೇಲೆ ಸೈತಾನನು ಯೇಸುವಿಗೆ 91ನೇ ಕೀರ್ತನೆಯ ವಾಕ್ಯವನ್ನೇ ಹೇಳುತ್ತಾನೆ, ಕೆಳಗೆ ಧುಮುಕು ಅನ್ನುವುದಕ್ಕೆ. ಯೇಸು ಉತ್ತರ ಕೊಡುವುದೂ ವಾಕ್ಯದಿಂದಲೇ. ಪರೀಕ್ಷೆಗೆ ಹೋಗುವ ಮಕ್ಕಳ ಕೈಗೆ ನಾವು ಬರೆದುಕೊಡುವ ಫಿಲಿಪ್ಪಿಯವರ ಪತ್ರಿಕೆಯ ವಾಕ್ಯವೂ ಅಷ್ಟೇ. ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಎಂದು ಪೌಲ ಬರೆದದ್ದು ಸೆರೆಮನೆಯಿಂದ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಹೇಗಿರಬೇಕೆಂದು ಕಲಿತಿದ್ದೇನೆ ಎಂಬುದು ಅದರ ಹಿಂದಿನ ಸಾಲು. ಫೇಲಾದ ಹುಡುಗನಿಗೂ ಆ ಪತ್ರಿಕೆಯಲ್ಲಿ ಜಾಗವಿದೆ, ಆದರೆ ಅದು ಅವನಿಗೆ ಗೊತ್ತಾಗಬೇಕಾದರೆ ಯಾರಾದರೂ ಹಿಂದಿನ ಸಾಲನ್ನೂ ಓದಿ ಹೇಳಬೇಕು.

ಉಪದೇಶಿ ಅಜ್ಜಾರೂ ಅಪ್ಪನೂ ಈಗಿಲ್ಲ. ಅವರು ಹಾಕಿಕೊಟ್ಟ ದಾರಿಯಲ್ಲೇ ನಾನು ಈಗಲೂ ಓದುತ್ತೇನೆ. ಅಧ್ಯಾಯವನ್ನು ಪೂರ್ತಿ ಓದುವುದು, ಯಾರು ಯಾರಿಗೆ ಹೇಳಿದ್ದೆಂದು ನೋಡುವುದು, ಆಮೇಲೆ ಆ ದಿನವೇ ಮಾಡಬಹುದಾದ ಒಂದು ಕೆಲಸವನ್ನು ಅದರಲ್ಲಿ ಹುಡುಕುವುದು. ಕೊಡಬೇಕಾದ ದುಡ್ಡೋ, ಹೋಗಬೇಕಾದ ಮನೆಯೋ, ಹೇಳದೆ ಬಿಡಬೇಕಾದ ಮಾತೋ, ಹುಡುಕಿದರೆ ಸಿಗುತ್ತದೆ. ಇದಕ್ಕೆ ದೊಡ್ಡ ಪಾಂಡಿತ್ಯ ಬೇಡ. ಅಪ್ಪ ಓದಿದ್ದು ನಾಲ್ಕನೇ ಇಯತ್ತೆ.

ಸಭಾಪಾಲಕರಲ್ಲಿ, ಸಭೆಯ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ವಾಗ್ದಾನದ ಕಾರ್ಡುಗಳನ್ನು ನಿಲ್ಲಿಸಬೇಡಿ. ಅಚ್ಚಿಗೆ ಕೊಡುವ ಮುಂಚೆ ಆ ವಾಕ್ಯ ಯಾರ ಮಾತು ಎಂದು ಒಮ್ಮೆ ತೆಗೆದು ನೋಡಿ. ವಾಕ್ಯದ ಕೆಳಗೆ, ಈ ಅಧ್ಯಾಯವನ್ನು ಪೂರ್ತಿ ಓದಿರಿ ಎಂದು ಇನ್ನೊಂದು ಸಾಲು ಹಾಕಿಸಿ. ಮನೆಗೆ ಕಾರ್ಡು ಒಯ್ದವರು ಹೊಸ ವರ್ಷದ ಮೊದಲ ಕುಟುಂಬ ಪ್ರಾರ್ಥನೆಯಲ್ಲಿ ಆ ಅಧ್ಯಾಯವನ್ನು ಮಕ್ಕಳ ಕೈಯಲ್ಲಿ ಗಟ್ಟಿಯಾಗಿ ಓದಿಸಿ.